ಹದಿನಾಲ್ಕನೆಯ ಪದ್ಯ

"ಇಪ್ಪತ್ತೆರಡು," ಎಂದಳು ಎರ್ಸಿಲಿಯಾ. "ಬೇಕಾದ್ರೆ ಇನ್ನೊಂದ್ಸಲ ಎಣಿಸಿ."

ಅನ್ಸೆಲ್ಮೊ ತೋಂದಿ ಎಣಿಸಲಿಲ್ಲ. ಕನ್ನಡಕ ತೆಗೆದು ಅಂಗಿಯ ಚುಂಗಿನಿಂದ ಒರೆಸಿದರು, ಮತ್ತೆ ಹಾಕಿಕೊಂಡರು. ಎಪ್ಪತ್ತು ದಾಟಿದ ಲಿಪಿಕಾರ. ಲೂಕ್ಕಾ ಪಟ್ಟಣದಲ್ಲಿ ನಲವತ್ತು ವರ್ಷಗಳಿಂದ ಯಾವ ಆಶುಕವಿ ಬಾಯಿ ತೆರೆದರೂ ಅದು ಕಾಗದಕ್ಕೆ ಇಳಿದದ್ದು ಅವರ ಲೇಖನಿಯಿಂದ.

ಅವರ ಇಳಿಜಾರು ಮೇಜಿನ ಮೇಲೆ ಆರು ಹಾಳೆಗಳಿದ್ದವು. ಹದಿನಾರು ತಿಂಗಳ ಹಿಂದೆ ಕಾವ್ಯಸಭೆಯ ಕಾರ್ಯದರ್ಶಿ ತುಂಬಿದ ಸಭೆಯಲ್ಲಿ ಎತ್ತಿ ಹಿಡಿದು, ದಿಯೊಮಿರಾ ಗ್ವಿದೊತ್ತಿ ಹಿಂದಿನ ಸಭೆಯಲ್ಲಿ ಹೇಳಿದ್ದು ಆಶುಕವಿತೆಯಲ್ಲ, ಮನೆಯಲ್ಲಿ ಬರೆದು ಬಾಯಿಪಾಠ ಮಾಡಿದ್ದು ಎಂದು ಸಾಧಿಸಿದ್ದ ಹಾಳೆಗಳು. ಅದಾದ ನಾಲ್ಕನೆಯ ಬೆಳಿಗ್ಗೆ ದಿಯೊಮಿರಾಳ ಹೆಣ ಕೋಟೆಗೋಡೆಯ ಬುಡದಲ್ಲಿ ಸಿಕ್ಕಿತ್ತು.

"ನನ್ನಕ್ಕ ಆವತ್ತು ಇಪ್ಪತ್ಮೂರು ಪದ್ಯ ಹೇಳಿದ್ಳು, ಸೋರ್ ಅನ್ಸೆಲ್ಮೊ. ಪ್ರತಿ ಪದ್ಯದ ಹಿಂದೆ ಹಾರ್ಪ್ ನುಡಿಸಿದವಳು ನಾನು. ಹದಿನಾಲ್ಕನೇದು ಎಲ್ಲಿ?"

"ಹದಿನಾರು ತಿಂಗಳಾಯ್ತು. ಈಗ ಬಂದು ಕೇಳ್ತಿದ್ದೀರಿ."

"ಈ ಹಾಳೆ ನನ್ನ ಕೈಗೆ ಬಂದಿದ್ದು ಇವತ್ತು ಬೆಳಿಗ್ಗೆ. ಇಷ್ಟು ದಿನ ಅಕ್ಕನ ಸಾವಿನ ಬಗ್ಗೆ ಡಾಕ್ಟರು ಬರೆದ ವರದಿಯ ಜೊತೆ ಹೊಲಿದು ಪಾದ್ರಿಗಳ ಪೆಟ್ಟಿಗೇಲಿತ್ತು. ಸಂಜೆ ಗಂಟೆ ಹೊಡೆಯೋದರೊಳಗೆ ವಾಪಸ್ ಕೊಡಬೇಕು."

ಅನ್ಸೆಲ್ಮೊ ಕಿಟಕಿಯ ಕಡೆ ನೋಡಿದರು. ಹೊರಗೆ ಜೂನ್ ತಿಂಗಳ ಬಿಸಿಲು. ಎದುರಿನ ಬೇಕರಿಯವನು ಸೋಂಪು ಹಾಕಿದ ಸಿಹಿ ರೊಟ್ಟಿಯ ಬಳೆಗಳನ್ನು ಕೋಲಿಗೆ ಪೋಣಿಸುತ್ತಿದ್ದ.

ಎರ್ಸಿಲಿಯಾ ಕಾಯಲಿಲ್ಲ. ಅವಳು ಕವಯಿತ್ರಿಯಲ್ಲ, ಆದರೆ ಅಕ್ಕ ಹೇಳಿದ್ದು ಅವಳಿಗೆ ಮರೆಯುತ್ತಿರಲಿಲ್ಲ. ಆವತ್ತಿನ ವಸ್ತು, ಹಡಗು ಒಡೆದು ಸತ್ತ ನಾವಿಕನ ಹೆಂಡತಿ. ಹದಿನಾಲ್ಕನೆಯ ಪದ್ಯದ ಮೊದಲ ನಾಲ್ಕು ಸಾಲನ್ನು ರಾಗವಿಲ್ಲದೆ, ಸಾಕ್ಷಿ ಹೇಳುವವಳ ಹಾಗೆ ಹೇಳಿದಳು:

ಕಿಟಕಿಯ ಕಟ್ಟೆಯಲಿ ದೀಪವನು ಹಚ್ಚಿಟ್ಟೆ
ಕಡಲಿನ ಕಣ್ಣಿಗೆ ಕಾಣಲಿ ಎಂದು;
ನೆರೆಯವಳು ಕೇಳಿದಳು, ಎಣ್ಣೆ ದಂಡವೆ ತಂಗಿ,
ಮುಳುಗಿದವನಿಗೆ ದಾರಿ ಬೇಕೇ ಇಂದು?

"ಹದಿನೈದನೇದು ಶುರುವಾಗೋದು ಹೇಗೆ? 'ಆರಿಸಬೇಡ ಅಕ್ಕಯ್ಯ' ಅಂತ. ಏನನ್ನ ಆರಿಸಬೇಡ? ಈ ಆರು ಹಾಳೆ ತಲೆಕೆಳಗು ಮಾಡಿ ಹುಡುಕಿದ್ರೂ ಒಂದು ದೀಪ ಇಲ್ಲ. ಹಚ್ಚದೇ ಇರೋ ದೀಪಾನ ಆರಿಸಬೇಡ ಅಂತ ಯಾರಾದ್ರೂ ಮನೇಲಿ ಕೂತು ಬರೀತಾರಾ?"

ಮುದುಕರ ಬಲಗೈ ತಾನಾಗಿ ಮೇಜಿನಂಚನ್ನು ಹಿಡಿದುಕೊಂಡಿತು.

"ಲಿಪಿಕಾರರು ಇಬ್ಬರು ಕೂರ್ತೀರಿ," ಎಂದಳು ಅವಳು. "ಒಂದು ಪದ್ಯ ನೀವು, ಒಂದು ಪದ್ಯ ಆಗಿನ ನಿಮ್ಮ ಜೊತೆಗಾರ ಫೋಸ್ಕೊ. ಬೆಸ ಸಂಖ್ಯೆ ನಿಮ್ಮದು, ಸಮ ಅವನದು. ಹದಿಮೂರನೇದು ಮುಗಿದಾಗ ಜನ ಏನು ಮಾಡಿದ್ರು?"

"ಮತ್ತೊಮ್ಮೆ ಅಂದ್ರು."

"ಅಕ್ಕ ಮತ್ತೊಮ್ಮೆ ಹೇಳಿದ್ಳು. ಆಮೇಲೆ?"

ಅನ್ಸೆಲ್ಮೊ ನಿಟ್ಟುಸಿರು ಬಿಟ್ಟರು. ನಂತರ ಒಪ್ಪಿಸತೊಡಗಿದರು, ನಿಧಾನವಾಗಿ, ಹಲ್ಲು ಕೀಳಿಸಿಕೊಳ್ಳುವವನ ಹಾಗೆ. ಮತ್ತೊಮ್ಮೆ ಹೇಳಿದ್ದನ್ನು ಬರೆದುಕೊಳ್ಳುವ ಪದ್ಧತಿಯಿಲ್ಲ. ಅವರು ಲೇಖನಿ ಕೆಳಗಿಟ್ಟಿದ್ದರು. ಫೋಸ್ಕೊ ತಲೆ ಬಗ್ಗಿಸಿದ್ದವನು ಅದನ್ನೇ ಹದಿನಾಲ್ಕನೆಯದೆಂದುಕೊಂಡು ಎರಡು ಸಾಲು ಬರೆದ, ತಪ್ಪು ತಿಳಿದು ಹೊಡೆದುಹಾಕಿದ, ಕೈ ಕೊಡವಿಕೊಂಡ. ಅಷ್ಟರಲ್ಲಿ ನಿಜವಾದ ಹದಿನಾಲ್ಕನೆಯದು ಶುರುವಾಗಿತ್ತು. ತನ್ನ ಸರದಿ ಮುಗಿಯಿತೆಂದು ಅವನು ಸುಮ್ಮನಿದ್ದ, ಅದು ಅವನ ಸರದಿಯೆಂದು ಇವರು ಸುಮ್ಮನಿದ್ದರು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಳ್ಳುವ ಹೊತ್ತಿಗೆ ಎಂಟರಲ್ಲಿ ಆರು ಸಾಲು ಗಾಳಿಗೆ ಹೋಗಿತ್ತು.

"ರಾತ್ರಿ ಕೂತು ಶುದ್ಧಪ್ರತಿ ಮಾಡಿದ್ವಿ. ಒಂದರಿಂದ ಇಪ್ಪತ್ತೆರಡರ ತನಕ ಸಾಲಾಗಿ ಸಂಖ್ಯೆ ಹಾಕಿದ್ವಿ. ನಡುವೆ ತೂತಿದೆ ಅಂತ ಯಾರಿಗೂ ಗೊತ್ತಾಗ್ಬಾರದು ಅಂತ. ಪದ್ಯ ಕಳೆದ್ಕೊಂಡ ಲಿಪಿಕಾರ ಅಂದ್ರೆ ಬುಟ್ಟಿ ತೂತಾದ ಮೀನುಗಾರ ಇದ್ದ ಹಾಗೆ, ಸೋರಾ ಎರ್ಸಿಲಿಯಾ. ಯಾರೂ ಕರೆಯಲ್ಲ."

"ಆ ಪ್ರತಿ ಯಾರಿಗೆ ಕೊಟ್ರಿ?"

"ಮಾರನೇ ಬೆಳಿಗ್ಗೆ ಕಾರ್ಯದರ್ಶಿಗೆ. ಕವಲಿಯೆರೆ ಬಾರ್ತೊಲಿ ಕೈಗೆ. ಅದೊಂದೇ ಪ್ರತಿ. ಅಚ್ಚಿಗೆ ಹೋಗ್ಬೇಕಿತ್ತು, ಹೋಗ್ಲೇ ಇಲ್ಲ."

ಎರ್ಸಿಲಿಯಾಳಿಗೆ ಬೇಕಿದ್ದದ್ದು ಸಿಕ್ಕಿತ್ತು. ದಿಯೊಮಿರಾ ಪದ್ಯ ಹೇಳಿದ ಸಭೆಗೆ ಮೂರು ದಿನ ಮೊದಲೇ ಈ ಹಾಳೆಗಳು ತನಗೆ ಸಿಕ್ಕಿದ್ದವೆಂದು ಬಾರ್ತೊಲಿ ಆಣೆ ಮಾಡಿದ್ದ. ಸಭೆಯಲ್ಲಿ ಲಿಪಿಕಾರರು ಕಳೆದುಕೊಂಡ ಪದ್ಯ ಸಭೆಗೆ ಮೂರು ದಿನ ಮೊದಲೇ ಕಳೆದುಹೋಗಿರಲು ಸಾಧ್ಯವಿಲ್ಲ. ಹಾಳೆಗಳು ಶುದ್ಧಪ್ರತಿಯ ನಕಲು. ಆಣೆ ಸುಳ್ಳು.

"ಇಷ್ಟೂ ಗೊತ್ತಿದ್ದು ನೀವು ಬಾಯಿ ಮುಚ್ಕೊಂಡಿದ್ರಿ. ಅವಳನ್ನ ಸ್ಮಶಾನದ ಗೋಡೆಯಾಚೆ, ಕತ್ತೆ ಹೂಳೋ ಜಾಗದಲ್ಲಿ ಇಟ್ಟಾಗ್ಲೂ."

"ನಾನು ನನ್ನ ಮಾನ ನೋಡ್ಕೊಂಡೆ," ಎಂದರು ಅನ್ಸೆಲ್ಮೊ. "ಆದ್ರೆ ನಿಮ್ಮಕ್ಕನಿಗೆ ಹೇಳಿದ್ದೆ."

ಎರ್ಸಿಲಿಯಾ ಹಾಳೆ ಮಡಿಸುತ್ತಿದ್ದವಳು ನಿಂತಳು.

"ಯಾವಾಗ?"

"ಕೊನೇ ದಿನ. ಮಧ್ಯಾಹ್ನ. ಸಭೇಲಿ ಓದಿದ ಹಾಳೇನ ಮತ್ತೆ ಮತ್ತೆ ನೆನೆಸ್ಕೊಂಡು ಅವರಿಗೆ ದೀಪದ್ದು ಹೊಳೆದಿತ್ತಂತೆ. ಕಚ್ಚಾಪ್ರತಿ ಇದೆಯಾ ಅಂದ್ರು. ಇತ್ತು. ಫೋಸ್ಕೊ ಹೊಡೆದುಹಾಕಿದ ಆ ಎರಡು ಸಾಲಿನ ಹಾಳೆ ಸಮೇತ ಕೊಟ್ಟೆ. ಯಾರಿಗೂ ಹೇಳ್ಬೇಡಿ, ನಾನೇ ತೋರಿಸ್ತೀನಿ ಅಂದ್ರು. ನಾನೂ ಈವತ್ತಿನ ತನಕ ಯಾರಿಗೂ ಹೇಳಿಲ್ಲ. ನಗ್ತಾ ಹೋದ್ರು, ಸೋರಾ. ಜೋಪಾನ ಅಂದೆ. ಇನ್ನು ನನಗೇನಾಗುತ್ತೆ ಅಂದ್ರು."

ಹೆಣಕ್ಕೆ ಸ್ನಾನ ಮಾಡಿಸಿದವಳು ಎರ್ಸಿಲಿಯಾಳೇ. ಜೇಬು, ಒಳಲಂಗ, ಕಾಲುಚೀಲ ಎಲ್ಲವನ್ನೂ ನೋಡಿದ್ದಳು. ಒಂದು ಚೂರು ಕಾಗದವಿರಲಿಲ್ಲ.

ನಾಚಿಕೆ ತಾಳದೆ ಗೋಡೆಯಿಂದ ಹಾರಿದಳೆಂದು ಡಾಕ್ಟರ್ ಸಂದೊನ್ನಿನಿ ವರದಿ ಬರೆದಿದ್ದರು. ತಾವಾಗಿ ಸತ್ತವರನ್ನು ಪಾದ್ರಿಗಳು ಸ್ಮಶಾನದೊಳಗೆ ಹೂಳಗೊಡುವುದಿಲ್ಲ, ಆ ಒಂದು ಸಾಲಿನಿಂದಾಗಿ ದಿಯೊಮಿರಾಳಿಗೆ ಸ್ಮಶಾನದ ಬಾಗಿಲು ಮುಚ್ಚಿತ್ತು. ಹೊಸ ಸಾಕ್ಷಿ ತಂದರೆ ವರದಿ ತಿದ್ದಿ ಸಹಿ ಹಾಕುವುದಾಗಿ ಡಾಕ್ಟರರು ಮಾತು ಕೊಟ್ಟಿದ್ದರು. ಅವರು ಇವತ್ತಿನ ಸಭೆಗೂ ಬರುವವರಿದ್ದರು. ಗೆದ್ದವಳ ಹಾಗೆ ನಗುತ್ತಾ ಸಾಕ್ಷಿ ಹಿಡಿದುಕೊಂಡು ಹೊರಟವಳು ಅದೇ ಸಂಜೆ ಗೋಡೆಯಿಂದ ಹಾರುತ್ತಾಳೆಯೇ? ಕಾಗದವೆಲ್ಲಿ ಹೋಯಿತು?

"ಇವತ್ತು ನಾಲ್ಕು ಗಂಟೆಗೆ ಸಭೆ ಇದೆ," ಎಂದಳು. "ಬರ್ಕೊಳ್ಳೋದು ನೀವೇ. ನಾನು ಕರೆದಾಗ ಎದ್ದು ನಿಂತು ಈಗ ಹೇಳಿದ್ದನ್ನ ಹೇಳ್ಬೇಕು."

"ನನ್ನ ಕಸುಬು ಹೋಗುತ್ತೆ."

"ಹೋಗ್ಲಿ," ಎಂದಳು ಎರ್ಸಿಲಿಯಾ. "ನನ್ನ ಅಕ್ಕ ಹೋಗಿದ್ದಾಳೆ."

ಸಭಾಂಗಣ ತಲುಪಿದಾಗ ಮೂರು ಗಂಟೆ. ಆಳುಗಳು ಕುರ್ಚಿ ಜೋಡಿಸಿ ಆಗಷ್ಟೇ ಹೊರಗೆ ಹೋಗಿದ್ದರು. ವೇದಿಕೆಯ ಮೇಲೆ ಅವಳ ಹಾರ್ಪ್ ಮುಸುಕು ಹೊದ್ದು ನಿಂತಿತ್ತು. ಪಕ್ಕದ ಚಿಕ್ಕ ಮೇಜಿನಲ್ಲಿ ಬೆಳ್ಳಿಯ ಹೂಜಿ. ಸಭಿಕರು ಬಾಗಿಲಲ್ಲಿ ಒಂದೊಂದು ಚೀಟಿಯಲ್ಲಿ ಒಂದೊಂದು ವಸ್ತು ಬರೆದು ಅದರೊಳಗೆ ಹಾಕುತ್ತಾರೆ, ಸಭೆಯ ಯಾರೋ ಒಬ್ಬ ಹೆಂಗಸು ಕೈ ಹಾಕಿ ಒಂದನ್ನು ತೆಗೆಯುತ್ತಾಳೆ, ಕಾರ್ಯದರ್ಶಿ ಓದುತ್ತಾನೆ, ಕವಯಿತ್ರಿ ಅಲ್ಲೇ ನಿಂತು ಹಾಡಬೇಕು.

ಕವಲಿಯೆರೆ ಒರ್ತೆನ್ಸಿಯೊ ಬಾರ್ತೊಲಿ ಹೂಜಿಯನ್ನು ಕರವಸ್ತ್ರದಿಂದ ಉಜ್ಜುತ್ತಿದ್ದ. ಐವತ್ತರ ಗಂಡಸು. ಮೀಸೆಗೆ ಬಣ್ಣ, ಎದೆಯಲ್ಲಿ ಕವಲಿಯೆರೆ ಬಿರುದಿನ ಚಿಕ್ಕದೊಂದು ಪದಕ.

"ಬೇಗ ಬಂದ್ರಿ, ಸಿನ್ಯೋರಿನಾ. ನಿಮ್ಮತ್ತೆಯವರಿಗೆ ಗಂಟಲು ಹೇಗಿದೆ? ಇಪ್ಪತ್ತು ವರ್ಷದ ಮೇಲೆ ವೇದಿಕೆ ಹತ್ತುತ್ತಿದ್ದಾರೆ. ಜನ ಕುತೂಹಲಕ್ಕಾದ್ರೂ ಬರ್ತಾರೆ."

"ಅತ್ತೆ ಚೆನ್ನಾಗಿದ್ದಾರೆ."

ವೆರ್ದಿಯಾನಾ ಅತ್ತೆ ತಂದೆಯ ಅಕ್ಕ. ಒಂದು ಕಾಲಕ್ಕೆ ಈ ಊರಿನ ಮೊದಲ ಆಶುಕವಯಿತ್ರಿ. ತಾಯಿಯಿಲ್ಲದ ಇಬ್ಬರು ಹುಡುಗಿಯರನ್ನು ಸಾಕಿದವರು, ದಿಯೊಮಿರಾಳ ನಾಲಿಗೆಗೆ ಛಂದಸ್ಸು ಹತ್ತಿಸಿದವರು. ಅಕ್ಕ ಸತ್ತ ಮೇಲೆ ಎರ್ಸಿಲಿಯಾ ಹಾಸಿಗೆ ಹಿಡಿದಾಗ ದಿನಾ ತಲೆ ಸವರಿ, 'ಅಳಬೇಡ ಕೂಸೇ, ಕಾಯಿ. ಆ ಬಾರ್ತೊಲಿಯ ಕತ್ತು ಒಂದು ದಿನ ನಿನ್ನ ಕೈಗೆ ಸಿಗುತ್ತೆ' ಎಂದವರೂ ಅವರೇ. ಇವತ್ತು ಬೆಳಿಗ್ಗೆ ಚೆಸ್ಟ್‌ನಟ್ ಹಿಟ್ಟಿನ ದೋಸೆಯಲ್ಲಿ ಗಿಣ್ಣು ಸುತ್ತಿ ಕೊಟ್ಟು, ಅದೇ ಮಾತು ಹೇಳಿ ಕಳಿಸಿದ್ದರು.

ಎರ್ಸಿಲಿಯಾ ಆರು ಹಾಳೆಗಳನ್ನು ಹೂಜಿಯ ಪಕ್ಕದಲ್ಲಿ ಇಟ್ಟಳು.

"ಇವು ನಿಮಗೆ ಯಾವಾಗ ಸಿಕ್ಕಿದ್ವು?"

"ಆಣೆ ಮಾಡಿ ಹೇಳಿದ್ದೀನಿ. ಸಭೆಗೆ ಮೂರು ದಿನ ಮುಂಚೆ."

ಅವಳು ಹೇಳಿದಳು. ಹದಿಮೂರನೆಯದು, ಮತ್ತೊಮ್ಮೆ, ಫೋಸ್ಕೊ ಹೊಡೆದುಹಾಕಿದ ಎರಡು ಸಾಲು, ಕಳೆದುಹೋದ ದೀಪ. ದನಿ ಏರಿಸಲಿಲ್ಲ. ಬಾರ್ತೊಲಿ ಉಜ್ಜುವುದನ್ನು ನಿಲ್ಲಿಸಲಿಲ್ಲ, ಆದರೆ ಕರವಸ್ತ್ರ ಒಂದೇ ಜಾಗದಲ್ಲಿ ಸುತ್ತತೊಡಗಿತು.

"ಮುದುಕನ ಮಾತು," ಎಂದ ಕೊನೆಗೆ.

"ಆ ಮುದುಕ ಒಂದು ಗಂಟೆಯಲ್ಲಿ ಇಲ್ಲೇ, ಮೊದಲ ಸಾಲಲ್ಲಿ ಕೂತಿರ್ತಾರೆ. ನಾನು ಕರೆದ್ರೆ ಏಳ್ತಾರೆ."

"ಏನು ಬೇಕು ನಿಮಗೆ? ಕ್ಷಮೆ ಕೇಳ್ಬೇಕಾ?"

"ಕ್ಷಮೆ ತಗೊಂಡು ಏನು ಮಾಡ್ಲಿ? ಅವಳು ಇದೇ ವೇದಿಕೆ ಮೇಲೆ ಸುಮ್ಮನೆ ನಿಂತಿದ್ಳು. ನೀವು ಹಾಳೆ ಓದ್ತಿದ್ರಿ, ಜನ ಶಿಳ್ಳೆ ಹೊಡೀತಿದ್ರು. ಕಿತ್ತಳೆ ಸಿಪ್ಪೆ ಬಂದು ಅವಳ ಭುಜಕ್ಕೆ ತಾಗಿತು. ಆ ಗದ್ದಲದಲ್ಲಿ ನೀವು ಓದಿದ್ದು ನನಗೆ ಕೇಳಿಸಲಿಲ್ಲ, ಆದ್ರೆ ಹಾರ್ಪ್ ಹಿಂದೆ ಕೂತು ಎಲ್ಲ ನೋಡಿದ್ದೀನಿ. ನೀವು ಸಾಯ್ಬೇಕು ಅಂತ ನನಗಿಲ್ಲ, ಕವಲಿಯೆರೆ. ನೂರು ವರ್ಷ ಬದುಕಿ. ಮನೆಯಿಂದ ಆಚೆ ಕಾಲಿಟ್ಟಾಗಲೆಲ್ಲ ಆ ಶಿಳ್ಳೆ ಕೇಳ್ತಾ ಬದುಕಿ."

ಬಾರ್ತೊಲಿ ಕುರ್ಚಿ ಎಳೆದು ಕೂತ. ಬಣ್ಣದ ಮೀಸೆಯ ಕೆಳಗೆ ತುಟಿ ಒಣಗಿತ್ತು.

"ಒಂದು ಕೇಳ್ತೀನಿ. ಎಂಥ ವಸ್ತು ಕೊಟ್ರೂ ಗಳಿಗೆಯಲ್ಲಿ ಪದ್ಯ ಕಟ್ತಿದ್ದ ಹೆಂಗಸು. ಆವತ್ತು ಅವರ ಬಾಯಿಂದ ಒಂದು ಮಾತೂ ಬರಲಿಲ್ಲ. 'ಇದು ನನ್ನ ಅಕ್ಷರ ಅಲ್ಲ' ಅಂದಿದ್ರೆ ಸಾಕಿತ್ತು. ಯಾಕೆ ಅನ್ನಲಿಲ್ಲ?"

ಹದಿನಾರು ತಿಂಗಳಿಂದ ಎರ್ಸಿಲಿಯಾ ತನ್ನನ್ನೇ ಕೇಳಿಕೊಂಡಿದ್ದ ಪ್ರಶ್ನೆ ಅದು. ಮನೆಗೆ ಬಂದ ಮೇಲೂ ದಿಯೊಮಿರಾ ಹೇಳಿರಲಿಲ್ಲ. ಕೋಣೆಯ ಚಿಲಕ ಹಾಕಿಕೊಂಡಿದ್ದಳು.

"ನೀವೇ ಹೇಳಿ."

"ಯಾಕಂದ್ರೆ ಅದು ಅವರದೇ ಅಕ್ಷರ."

"ಸುಳ್ಳು."

"ನೀವು ಈ ಹಾಳೇನ ದ್ವೇಷಿಸಿದ್ದೀರಿ, ಸಿನ್ಯೋರಿನಾ. ನೋಡಿಲ್ಲ. ನೋಡಿ."

ಅವಳು ನೋಡಿದಳು. ಬೆಳಿಗ್ಗೆಯಿಂದ ಅವಳು ಸಾಲುಗಳನ್ನು ಎಣಿಸಿದ್ದಳು, ಶಬ್ದಗಳನ್ನು ತೂಗಿದ್ದಳು. ಅಕ್ಷರವನ್ನು ಕಳ್ಳನೊಬ್ಬನ ಕೈಚಳಕವೆಂದು ಮೊದಲೇ ತೀರ್ಮಾನಿಸಿಬಿಟ್ಟಿದ್ದಳು. ಈಗ ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದಾಗ ಪ್ರತಿ ಎಂಟನೆಯ ಸಾಲಿನ ತುದಿಯಲ್ಲಿ ಸಣ್ಣದೊಂದು ಚುಚ್ಚು ಕಂಡಿತು, ಲೇಖನಿಯ ಮೊನೆ ಕಾಗದವನ್ನು ತೂತು ಮಾಡಿದ್ದು. ಪದ್ಯ ಮುಗಿದಾಗ ಮೊನೆಯನ್ನು ಒತ್ತಿ ನಿಲ್ಲಿಸುವುದು ದಿಯೊಮಿರಾಳ ಚಿಕ್ಕಂದಿನ ಅಭ್ಯಾಸ. ಮನೆಯಲ್ಲಿ ಎಷ್ಟು ಮೇಜುಬಟ್ಟೆ ಹಾಳಾಗಿತ್ತು. ಇಪ್ಪತ್ತೆರಡು ಪದ್ಯ, ಇಪ್ಪತ್ತೆರಡು ತೂತು. ಇದನ್ನು ಯಾವ ಕಳ್ಳನೂ ನಕಲು ಮಾಡುವುದಿಲ್ಲ, ಅವನಿಗೆ ಗೊತ್ತೇ ಇರುವುದಿಲ್ಲ.

"ಶುದ್ಧಪ್ರತಿ ನೋಡಿ ಅವರೇ ಬರೆದದ್ದು," ಎಂದ ಬಾರ್ತೊಲಿ. "ಸಭೆಯಾದ ಮೂರನೇ ದಿನ. ಹೇಳಿದ್ದು ಹೇಳಿದ ಗಳಿಗೆಗೇ ಮರೆತುಹೋಗುತ್ತೆ ಅವರಿಗೆ, ನಿಮಗೇ ಗೊತ್ತು. ಒಂದು ಪದ್ಯ ಇಲ್ಲ ಅಂತ ಬರೆಯುವಾಗ ಅವರಿಗೆ ಗೊತ್ತಾಗಲಿಲ್ಲ, ತಗೊಂಡ ನನಗೂ ಗೊತ್ತಾಗಲಿಲ್ಲ. ಗೊತ್ತಾಗಿದ್ರೆ ಸಭೇಲಿ ಎತ್ತಿ ಹಿಡೀತಿದ್ನಾ?"

"ಆ ವಾರ ನಾನು ಊರಲ್ಲಿರಲಿಲ್ಲ. ಪೇಷಿಯಾದಲ್ಲಿ ಮದುವೆಗೆ ನುಡಿಸೋಕೆ ಹೋಗಿದ್ದೆ. ಯಾರು ಬರೆಸಿದ್ದು?"

ಅವನು ಆರನೆಯ ಹಾಳೆಯ ಕೆಳಗಿನ ಅಂಚಿನ ಮೇಲೆ ಬೆರಳಿಟ್ಟ. ಉಳಿದ ಐದಕ್ಕಿಂತ ಅದು ಎರಡು ಬೆರಳು ಗಿಡ್ಡ. ಕತ್ತರಿ ಓಡಿದ ಜಾಗ ಮಧ್ಯದಲ್ಲಿ ಸ್ವಲ್ಪ ಸೊಟ್ಟಗಿತ್ತು.

"ಕತ್ತರಿಸಿದ್ದು ನಾನು. ಬಿಸಾಡಲಿಲ್ಲ. ಇಂಥವನ್ನ ಬಿಸಾಡೋನು ಮೂರ್ಖ." ಎದೆಯ ಒಳಜೇಬಿನಿಂದ ಪುಟ್ಟ ನೋಟ್‌ಬುಕ್ ತೆಗೆದು, ಅದರ ನಡುವಿನಿಂದ ಕಾಗದದ ಪಟ್ಟಿಯೊಂದನ್ನು ಎಳೆದ. "ನನಗೆ ಬೇಕಿದ್ದದ್ದು ಅವರಿಗೆ ಒಂದು ಸಂಜೆ ಅವಮಾನ ಆಗೋದು, ಅಷ್ಟೆ. ಆ ವರ್ಷದ ಕಿರೀಟ ನಮ್ಮ ಕಡೆಯ ಹುಡುಗಿಗೆ ಬರ್ಬೇಕಿತ್ತು. ಸಾವಿನಲ್ಲಿ ನನ್ನ ಪಾಲಿಲ್ಲ. ಒಬ್ಬನೇ ಮುಳುಗೋಕೆ ನಾನು ತಯಾರಿಲ್ಲ."

ಎರ್ಸಿಲಿಯಾ ಪಟ್ಟಿಯನ್ನು ಹಾಳೆಯ ಅಂಚಿಗೆ ಕೂಡಿಸಿದಳು. ಸೊಟ್ಟು ಸೊಟ್ಟಿಗೆ ಕೂತಿತು. ಅದರಲ್ಲಿ ಹೀಗೆ ಬರೆದಿತ್ತು:

'ನನ್ನ ವೆರ್ದಿಯಾನಾ ಅತ್ತೆಗೆ, ಅವರ ಹೆಸರಿನ ಸಂತಳ ಹಬ್ಬದಂದು. ಮೊನ್ನೆಯ ಸಭೆಯದು. ನನಗೆ ಒಂದು ಸಾಲೂ ನೆನಪಿಲ್ಲ, ನೀವು ತಂದ ಪ್ರತಿ ನೋಡಿ ಬರೆದೆ. ನಿಮ್ಮ ದಿಯೊಮಿರಾ. ಫೆಬ್ರವರಿ ಒಂದು.'

ಕೊನೆಯ ಚುಕ್ಕೆಯಲ್ಲೂ ಒಂದು ತೂತಿತ್ತು.

ಅಕ್ಕ ಯಾಕೆ ಬಾಯಿ ಬಿಡಲಿಲ್ಲವೆಂಬುದು ಎರ್ಸಿಲಿಯಾಳಿಗೆ ಈಗ ತಿಳಿಯಿತು. ಹಾಳೆ ಕಂಡ ಕೂಡಲೇ ದಿಯೊಮಿರಾಳಿಗೆ ಎಲ್ಲ ಅರ್ಥವಾಗಿತ್ತು. ನಿಜ ಹೇಳಿದರೆ ಸಾಕಿದವರ ಹೆಸರು ಹೇಳಬೇಕು. ಹೇಳಲಿಲ್ಲ. ಅವರ ಹೆಸರು ಎತ್ತದೆ ತನ್ನನ್ನು ಬಿಡಿಸಿಕೊಳ್ಳುವ ಒಂದು ದಾರಿಯನ್ನು ಮೂರು ದಿನ ಹುಡುಕಿ, ಕಳೆದುಹೋದ ಪದ್ಯದಲ್ಲಿ ಅದನ್ನು ಕಂಡುಕೊಂಡಿದ್ದಳು.

"ಅವರೇ ತಂದುಕೊಟ್ರಾ?"

"ಕೈಯಾರೆ. ಶುದ್ಧಪ್ರತಿ ಓದೋಕೆ ಬೇಕು ಅಂತ ಇಸ್ಕೊಂಡು ಹೋದ್ರು, ಇದರ ಜೊತೆ ವಾಪಸ್ ತಂದ್ರು. ತಾವು ತೊಟ್ಟ ಕಿರೀಟ ತಮ್ಮ ಕಣ್ಣೆದುರಿಗೇ ಇನ್ನೊಬ್ಬಳು ತೊಡೋದು ನೋಡೋಕಾಗದ ಹೆಂಗಸರಿದ್ದಾರೆ. ಗಂಡಸರೂ ಇದ್ದಾರೆ ಅನ್ನಿ."

ಎರ್ಸಿಲಿಯಾ ಹಾರ್ಪ್‌ನ ಮುಸುಕು ತೆಗೆದಳು. ಹದಿನಾರು ತಿಂಗಳು ದಿನಾ ರಾತ್ರಿ ಊಟದ ಜೊತೆ ಈ ಸೇಡನ್ನು ತನಗೆ ಬಡಿಸಿದವರು ಯಾರು ಎಂದು ಅವಳು ಯೋಚಿಸುತ್ತಿದ್ದಳು. ಬಾರ್ತೊಲಿಯ ಕತ್ತು ಹಿಡಿ ಎನ್ನುತ್ತಿದ್ದವರಿಗೆ, ತಮ್ಮ ಗುಟ್ಟು ಬಲ್ಲ ಬಾರ್ತೊಲಿಯ ಮಾತನ್ನು ಊರಲ್ಲಿ ಯಾರೂ ನಂಬದಂತಾಗುವುದೇ ಬೇಕಿತ್ತು.

ಆದರೆ ಪಟ್ಟಿ ಹೇಳುವುದು ಅವಮಾನದ ಕಥೆ ಮಾತ್ರ. ಗೋಡೆಯ ಮೇಲೆ ಏನಾಯಿತೆಂದು ಅದು ಹೇಳುವುದಿಲ್ಲ. ಡಾಕ್ಟರರ ಸಹಿ ಅದಕ್ಕೆ ಬದಲಾಗುವುದಿಲ್ಲ.

"ಇವತ್ತು ಚೀಟಿ ಓದೋದು ನೀವೇ ಅಲ್ವಾ?"

"ನಾನೇ."

"ಯಾರು ಯಾವ ಚೀಟಿ ತೆಗೆದ್ರೂ ನೀವು ಓದೋದು ಇದನ್ನ." ಅವಳು ಅವನ ನೋಟ್‌ಬುಕ್ಕಿನ ಹಾಳೆಯೊಂದರಲ್ಲಿ ಒಂದು ಸಾಲು ಬರೆದು ಮುಂದೆ ತಳ್ಳಿದಳು.

ಬಾರ್ತೊಲಿ ಓದಿದ. ಹುಬ್ಬೇರಿಸಿದ. "ನಿಮ್ಮಕ್ಕನ ಮೇಲೆ ಹೊರಿಸಿದ ಮೋಸಾನ ನೀವೇ ಮಾಡ್ತಿದ್ದೀರಿ, ಗೊತ್ತಾ?"

"ಗೊತ್ತು. ನಿಮಗೆ ಅಭ್ಯಾಸ ಇದೆ ಅಂತ ನಿಮಗೇ ಹೇಳಿದೆ."

"ಓದಿದ್ರೆ ಮುದುಕ ಏಳಲ್ವಾ?"

"ಇವತ್ತು ಏಳಲ್ಲ," ಎಂದಳು ಎರ್ಸಿಲಿಯಾ.

ನಾಲ್ಕು ಗಂಟೆಗೆ ಸಭಾಂಗಣದಲ್ಲಿ ಕಾಲಿಡಲು ಜಾಗವಿರಲಿಲ್ಲ. ಬೀಸಣಿಗೆಗಳು, ಕಸ್ತೂರಿಯ ವಾಸನೆ, ಬೆವರು. ಮೊದಲ ಸಾಲಿನಲ್ಲಿ ಅನ್ಸೆಲ್ಮೊ ಮತ್ತು ಅವರ ಹೊಸ ಜೊತೆಗಾರ ಹಾಳೆ ಹರಡಿಕೊಂಡಿದ್ದರು. ಎರಡನೆಯ ಸಾಲಿನ ತುದಿಯಲ್ಲಿ ಅತ್ತೆಯ ಹಳೆಯ ಸ್ನೇಹಿತರಾದ ಡಾಕ್ಟರ್ ಸಂದೊನ್ನಿನಿ, ಊರುಗೋಲಿನ ಹಿಡಿಯ ಮೇಲೆ ಎರಡೂ ಕೈಯಿಟ್ಟು, ಎರ್ಸಿಲಿಯಾಳಿಗೆ ತಲೆಬಾಗಿ ವಂದಿಸಿದರು.

ವೆರ್ದಿಯಾನಾ ಅತ್ತೆ ಕಪ್ಪು ರೇಷ್ಮೆಯುಟ್ಟು ಬಂದರು. ಅರವತ್ತೊಂದು ವಯಸ್ಸು, ಬೆನ್ನು ಬಾಗಿಲ್ಲ. ಹಾರ್ಪ್‌ನ ಪಕ್ಕ ಹಾಯುವಾಗ ಬಗ್ಗಿ ಪಿಸುಗುಟ್ಟಿದರು:

"ಸಿಕ್ತಾ ಮಗಳೇ, ಅವನ ಕತ್ತು?"

"ಸಿಕ್ತು ಅತ್ತೆ."

"ನನ್ನ ಕೂಸು. ಕೊನೇ ಪದ್ಯ ಆದ್ಮೇಲೆ ಹಿಂಡು. ಮೊದಲು ಜನ ನನ್ನನ್ನ ಕೇಳಲಿ."

ದಪ್ಪನೆಯ ಹೆಂಗಸೊಬ್ಬಳು ಹೂಜಿಗೆ ಕೈ ಹಾಕಿ ಚೀಟಿ ತೆಗೆದುಕೊಟ್ಟಳು. ಬಾರ್ತೊಲಿ ಅದನ್ನು ಬಿಚ್ಚಿ, ಗಂಟಲು ಸರಿಪಡಿಸಿಕೊಂಡು, ಅದರಲ್ಲಿ ಇಲ್ಲದ್ದನ್ನು ಓದಿದ:

"ಫೆಬ್ರವರಿಯ ಸಂಜೆ, ಕೋಟೆಗೋಡೆಯ ಮೇಲೆ ನಡಿಗೆ."

ಸಭೆಗೆ ಇಷ್ಟವಾಯಿತು. ಲೂಕ್ಕಾದಲ್ಲಿ ಗೋಡೆಯ ಮೇಲೆ ನಡೆಯದವರು ಯಾರು? ಅತ್ತೆ ಒಂದು ಕ್ಷಣ ಬಾರ್ತೊಲಿಯನ್ನು ನೋಡಿದರು, ಕಣ್ಣು ಮುಚ್ಚಿದರು, ಕೈಯೆತ್ತಿದರು. ಎರ್ಸಿಲಿಯಾ ನುಡಿಸಿದಳು.

ಮೊದಲ ಪದ್ಯ ಸರಾಗವಾಗಿ ಬಂತು. ಎಲೆ ಉದುರಿದ ಮರದ ಸಾಲು, ಬೆಟ್ಟದ ಹಿಮ, ದೇಗುಲದ ಗಂಟೆ. ನೂರು ಸಲ ಹೇಳಿದ ಮಾತುಗಳು. ಜನ ತಲೆದೂಗಿದರು.

ಹಾರ್ಪ್ ನುಡಿಸುವವರಿಗೆ ಮಾತ್ರ ತಿಳಿದ ಒಂದು ವಿಷಯವಿದೆ. ಎರಡು ಪದ್ಯಗಳ ನಡುವಿನ ತುಣುಕು ವಾದ್ಯ ಸಭಿಕರ ಕಿವಿಗಲ್ಲ. ಅದು ಕವಯಿತ್ರಿಗೆ ಕೊಡುವ ಸಮಯ. ಮುಂದಿನ ಎಂಟು ಸಾಲನ್ನು ಅವಳು ಕಟ್ಟಿಕೊಳ್ಳುವುದು ಅಲ್ಲಿ. ತಡವರಿಸಿದರೆ ವಾದ್ಯದವರು ಸುತ್ತೊಂದನ್ನು ಹೆಚ್ಚಿಗೆ ಹಾಕುತ್ತಾರೆ, ಯಾರಿಗೂ ಗೊತ್ತಾಗುವುದಿಲ್ಲ. ದಿಯೊಮಿರಾಳಿಗೆ ಅದು ಎಂದೂ ಬೇಕಾಗಿರಲಿಲ್ಲ. ಇಪ್ಪತ್ತು ವರ್ಷ ಬಾಯಿ ಕಟ್ಟಿದ್ದವರಿಗೆ ಬೇಕಿತ್ತು. ಸಮಯ ಸಿಗದಿದ್ದರೆ ಕಟ್ಟಲಾಗುವುದಿಲ್ಲ. ಕಟ್ಟಲಾಗದಾಗ ನಾಲಿಗೆ ಕಂಡದ್ದನ್ನು ಹೇಳುತ್ತದೆ.

ಎರಡನೆಯ ಪದ್ಯದ ಮುಂಚೆ ಎರ್ಸಿಲಿಯಾ ಅರ್ಧ ಸುತ್ತಷ್ಟೇ ನುಡಿಸಿದಳು. ಅತ್ತೆ ಹುಬ್ಬು ಗಂಟಿಕ್ಕಿ ಮುಂದುವರಿದರು. ಒಂಟಿ ಹೆಂಗಸೊಬ್ಬಳು ಕೊತ್ತಲದ ಕಡೆ ನಡೆದಳು, ಕತ್ತಲು ಇಳಿಯಿತು.

ಮೂರನೆಯದಕ್ಕೆ ನಾಲ್ಕು ಸ್ವರ. ಅತ್ತೆ ತಿರುಗಿ ನೋಡಿದರು. ಎರ್ಸಿಲಿಯಾ ತಂತಿಗಳನ್ನೇ ನೋಡುತ್ತಿದ್ದಳು. ಪದ್ಯದಲ್ಲಿ ಒಬ್ಬಳೇ ಹೆಂಗಸಿದ್ದ ಜಾಗದಲ್ಲಿ ಇಬ್ಬರಾದರು. ಸಭೆ ಮುಂದಕ್ಕೆ ಬಾಗಿತು, ಇದು ಚೆನ್ನಾಗಿತ್ತು.

ನಾಲ್ಕನೆಯದಕ್ಕೆ ಅವಳು ಎರಡೂ ಅಂಗೈಗಳನ್ನು ತಂತಿಗಳ ಮೇಲೆ ಒತ್ತಿ ಹಿಡಿದಳು. ಸದ್ದು ಕತ್ತರಿಸಿದಂತೆ ನಿಂತಿತು.

ಇನ್ನೂರು ಜನರ ಮೌನ ಅತ್ತೆಯ ಮುಂದೆ ಬಾಯಿ ತೆರೆದು ನಿಂತಿತು. ಮೌನವಾದ ಆಶುಕವಯಿತ್ರಿ ಸತ್ತಂತೆ. ಈ ಸಭೆಯಲ್ಲಿ ಅದು ಅವರಿಗಿಂತ ಚೆನ್ನಾಗಿ ಯಾರಿಗೂ ತಿಳಿದಿರಲಿಲ್ಲ. ಅವರು ಉಸಿರೆಳೆದರು. ಮಾತು ಬಂತು, ಆದರೆ ಅದು ವೇದಿಕೆಯ ದನಿಯಾಗಿರಲಿಲ್ಲ. ಅಡುಗೆಮನೆಯಲ್ಲಿ ತಮ್ಮಷ್ಟಕ್ಕೆ ಮಾತಾಡಿಕೊಳ್ಳುವ ದನಿ:

ಮುಂದೆ ಅವಳು ನಡೆದಳು, ನಡುವೆ ನಾ ನಡೆದೆ,
ಹಿಂದೆ ಕಂದೀಲನು ಹಿಡಿದು ಅವನು ಬಂದ;
ಕೊಡು ಅಂದೆ ಮುದುಕನ ಕಚ್ಚಾ ಹಾಳೆಯನು,
ಕೊಡೆನೆಂದು ನಕ್ಕಳು, ಅವನ ಕೈ

ಅಲ್ಲಿಗೆ ನಿಂತರು.

ಮೊದಲ ಸಾಲಿನಲ್ಲಿ ಅನ್ಸೆಲ್ಮೊ ತಲೆಯೆತ್ತಿದರು. ಆ ಹಾಳೆಗಳು ದಿಯೊಮಿರಾಳ ಕೈ ಸೇರಿದ್ದು ಅವಳನ್ನು ಬಿಟ್ಟರೆ ಅವರಿಗೆ ಮಾತ್ರ ಗೊತ್ತಿತ್ತು, ಇವತ್ತು ಬೆಳಿಗ್ಗೆಯಿಂದ ಎರ್ಸಿಲಿಯಾಳಿಗೆ. ಎರ್ಸಿಲಿಯಾ ಮನೆಗೆ ಹೋಗಿರಲಿಲ್ಲ, ಅದನ್ನು ಬಾರ್ತೊಲಿಗಾಗಲಿ ಇನ್ನಾರಿಗಾಗಲಿ ಹೇಳಿರಲಿಲ್ಲ.

ಸಭೆ ಇದನ್ನು ನಾಟಕದ ಮೌನವೆಂದುಕೊಂಡು ಕಾಯುತ್ತಿತ್ತು. ಬಾರ್ತೊಲಿ ಬಾಯಿ ತೆರೆದು ನಿಂತಿದ್ದ. ಅವನಿಗೂ ಇದು ಹೊಸದು, ಕಂದೀಲು ಹಿಡಿದವನು ಅವನಲ್ಲ.

ವೆರ್ದಿಯಾನಾ ಅತ್ತೆ ಎರ್ಸಿಲಿಯಾಳ ಕಡೆ ನೋಡಲಿಲ್ಲ. ಏನು ಹೇಳಿಬಿಟ್ಟೆನೆಂದು ತಿಳಿದ ಮುಖದಲ್ಲಿ ಒಂದು ಬೇಡಿಕೆಯಿತ್ತು, ಅದು ಎರಡನೆಯ ಸಾಲಿನ ತುದಿಗೆ ಹೋಗಿ ನಿಂತಿತು. ಎರ್ಸಿಲಿಯಾ ಆ ನೋಟದ ಹಿಂದೆಯೇ ಹೋದಳು.

ಡಾಕ್ಟರ್ ಸಂದೊನ್ನಿನಿ ಊರುಗೋಲನ್ನು ನೆಲಕ್ಕೆ ಊರಿ, ನಿಧಾನವಾಗಿ, ಕುರ್ಚಿಯಿಂದ ಏಳುತ್ತಿದ್ದರು. ದಿಯೊಮಿರಾಳನ್ನು ಸ್ಮಶಾನದ ಗೋಡೆಯೊಳಕ್ಕೆ ತರಬಲ್ಲ ಸಹಿ ಈ ಊರಿನಲ್ಲಿ ಒಂದೇ ಒಂದಿತ್ತು, ಅದು ಕಂದೀಲು ಹಿಡಿದಿದ್ದ ಆ ಕೈಯದು.